ತೊಗಲಿನ ಹದ ಬಲ್ಲ ಕೈಗಳು

1520ರ ಬೇಸಿಗೆ. ವಿಜಯನಗರದ ಕೃಷ್ಣದೇವರಾಯ ಆದಿಲಶಾಹಿಗಳ ವಶದಲ್ಲಿದ್ದ ರಾಯಚೂರು ಕೋಟೆಯ ಮೇಲೆ ದಂಡೆತ್ತಿ ಹೊರಟಿದ್ದ. ಆ ದಂಡಯಾತ್ರೆಯ ವಿವರಗಳನ್ನು ಬರೆದಿಟ್ಟ ಪೋರ್ಚುಗೀಸ್ ವರ್ತಕ ಫೆರ್ನಾವ್ ನುನಿಜ್ ಆನೆ, ಕುದುರೆ, ಕಾಲಾಳುಗಳ ಲೆಕ್ಕ ಕೊಡುವಾಗ ಇನ್ನೊಂದು ಪಡೆಯ ಮಾತನ್ನೂ ಎತ್ತುತ್ತಾನೆ. ಅದು ತೊಗಲಿನ ಚೀಲಗಳಲ್ಲಿ ನೀರು ಹೊತ್ತು ನಡೆದವರ ಪಡೆ. ಸಂಖ್ಯೆ ಹತ್ತು-ಹನ್ನೆರಡು ಸಾವಿರ. ಸೈನಿಕರು ಬಾಯಾರಿ ಸಾಯಬಾರದೆಂದು ದಾರಿಯುದ್ದಕ್ಕೂ ನಿಂತು ನೀರು ಕೊಡುವುದು ಇವರ ಕೆಲಸವಾಗಿತ್ತು.

ಕೃಷ್ಣಾ-ತುಂಗಭದ್ರೆಯರ ನಡುವಿನ ಈ ನೆಲದ ಬಿಸಿಲನ್ನು ಬಲ್ಲವರಿಗೆ ಆ ನೀರಿನ ಬೆಲೆ ಏನೆಂದು ಹೇಳಬೇಕಾಗಿಲ್ಲ. ರಾಯಚೂರು ಕದನದ ವೀರರ ಹೆಸರುಗಳು ಚರಿತ್ರೆಯ ಪುಸ್ತಕಗಳಲ್ಲಿವೆ. ಆದರೆ ಅಷ್ಟು ಸಾವಿರ ಚೀಲಗಳಿಗೆ ಬೇಕಾದ ತೊಗಲನ್ನು ಸುಲಿದವರು ಯಾರು, ಹದ ಮಾಡಿದವರು ಯಾರು, ಹನಿ ನೀರೂ ಸೋರದಂತೆ ಹೊಲಿದವರು ಯಾರು? ಈ ಪ್ರಶ್ನೆಗಳಿಗೆ ಉತ್ತರವನ್ನು ಕೋಟೆಯ ಒಳಗೆ ಹುಡುಕಿ ಪ್ರಯೋಜನವಿಲ್ಲ. ಅದು ಇರುವುದು ಊರ ಹೊರಗಿನ ಕೇರಿಗಳ ಹಿತ್ತಿಲುಗಳಲ್ಲಿ.

ರಾಯಚೂರು, ಮಾನ್ವಿ, ದೇವದುರ್ಗದ ಸೀಮೆಯಲ್ಲಿ ಮನೆಯಲ್ಲಿಯೇ ತೊಗಲು ಹದ ಮಾಡುವ ಕೆಲಸ ಈಗ ಬಹುಮಟ್ಟಿಗೆ ನಿಂತಿದೆ. ನಿಂತದ್ದು ಏಕೆ, ಅದು ನಷ್ಟವೋ ಬಿಡುಗಡೆಯೋ ಎಂಬುದನ್ನು ತಿಳಿಯಬೇಕಾದರೆ ಮೊದಲು ಆ ಕೆಲಸವೇನೆಂದು ತಿಳಿಯಬೇಕು.

ಹದ ಎಂದರೇನು?

ಕನ್ನಡದ 'ಹದ' ಎಂಬ ಪದ ವಿಶಾಲವಾದುದು. ಬಿತ್ತನೆಗೆ ನೆಲ ಹದವಾಗಬೇಕು, ಬೆಲ್ಲಕ್ಕೆ ಪಾಕ ಹದಕ್ಕೆ ಬರಬೇಕು, ಕುಂಬಾರನ ಮಣ್ಣು ಹದವಾಗಿರಬೇಕು. ತಕ್ಕಡಿ, ಗಡಿಯಾರಗಳಿಗಿಂತ ಕೈ, ಕಣ್ಣು, ಮೂಗುಗಳೇ ಇಲ್ಲಿ ಹೆಚ್ಚು ನಂಬಿಕೆಯ ಅಳತೆಗಳು. ತೊಗಲಿನ ಹದವೂ ಇದೇ ಜಾತಿಯ ತಿಳಿವಳಿಕೆ.

ದಖ್ಖನ್ನಿನ ಸೆಕೆಯಲ್ಲಿ ಸುಲಿದ ತೊಗಲು ಕೆಲವೇ ಗಂಟೆಗಳಲ್ಲಿ ಕೊಳೆಯಲು ತೊಡಗುತ್ತದೆ. ಹಾಗೆಯೇ ಒಣಗಿಸಿದರೆ ಕೊಳೆಯದಿದ್ದರೂ ಮರದ ಹಲಗೆಯಂತೆ ಬಿರುಸಾಗುತ್ತದೆ, ನೀರು ತಗಲಿದೊಡನೆ ಮತ್ತೆ ಹಸಿಯಾಗಿ ನಾರುತ್ತದೆ. ತೊಗಲು ಕೊಳೆಯಬಾರದು, ಬಿರುಸಾಗಬಾರದು, ನೆನೆದರೂ ಕೆಡಬಾರದು. ಈ ಮೂರನ್ನೂ ಸಾಧಿಸುವುದೇ ಹದ ಮಾಡುವುದು.

ವಿಜ್ಞಾನದ ಭಾಷೆಯಲ್ಲಿ ಹೇಳುವುದಾದರೆ ತೊಗಲಿನ ಮುಖ್ಯ ವಸ್ತು ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು. ಕೆಲವು ಮರಗಳ ತೊಗಟೆ, ಕಾಯಿಗಳಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥವಿದೆ. ಎಳೆಯ ಬಾಳೆಕಾಯಿ ಕಚ್ಚಿದಾಗ ನಾಲಿಗೆ ಹಿಡಿದಂತಾಗುವುದು ಇಂಥ ಒಗರಿನಿಂದಲೇ. ಈ ಒಗರು ತೊಗಲಿನ ಎಳೆಗಳನ್ನು ಹಿಡಿದುಕೊಂಡು ಅಲ್ಲಿನ ನೀರನ್ನು ಹೊರದೂಡುತ್ತದೆ. ಆಮೇಲೆ ಕೊಳೆಸುವ ಸೂಕ್ಷ್ಮಜೀವಿಗಳಿಗೆ ಅಲ್ಲಿ ಸುಲಭದ ಮೇವಿಲ್ಲ. ಕೊಲಾಜನ್ ಹೆಸರನ್ನೇ ಕೇಳದ ಜನ ಈ ಸತ್ಯವನ್ನು ಸಾವಿರಾರು ವರ್ಷಗಳ ಹಿಂದೆಯೇ ಕೈಯಿಂದ ಕಂಡುಕೊಂಡಿದ್ದರು. ಅರ್ಮೇನಿಯಾದ ಗುಹೆಯೊಂದರಲ್ಲಿ 2008ರಲ್ಲಿ ದೊರೆತ ದನದ ತೊಗಲಿನ ಮೆಟ್ಟಿಗೆ ಸುಮಾರು 5,500 ವರ್ಷ ವಯಸ್ಸು. ನಮ್ಮ ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ 1952ರಲ್ಲಿ ಎಫ್.ಆರ್. ಆಲ್ಚಿನ್ ನಡೆಸಿದ ಉತ್ಖನನ ಈ ಸೀಮೆಯ ನವಶಿಲಾಯುಗದ ಜನ ದನಗಾಹಿಗಳಾಗಿದ್ದರೆಂದು ತೋರಿಸಿತು. ಬಂಡೆಗಳ ಮೇಲೆ ಅವರು ಬಿಡಿಸಿದ ಗೂಳಿಗಳು ಇಂದಿಗೂ ಇವೆ. ದನವಿದ್ದಲ್ಲಿ ತೊಗಲಿನ ಕೆಲಸವೂ ಇದ್ದೇ ಇರಬೇಕು. ಆದರೆ ಕಲ್ಲು ಉಳಿಯುತ್ತದೆ, ತೊಗಲು ಉಳಿಯುವುದಿಲ್ಲ.

ಹಿತ್ತಿಲಿನ ಕಾರ್ಖಾನೆ

ಹಳ್ಳಿಯ ಹದಗಾರನ ಸಲಕರಣೆಗಳು ತೀರ ಸರಳ. ಒಂದೆರಡು ದೊಡ್ಡ ಮಣ್ಣಿನ ಬಾನಿ ಅಥವಾ ನೆಲದಲ್ಲಿ ತೋಡಿದ ತೊಟ್ಟಿ, ಇಳಿಜಾರಾಗಿ ನಿಲ್ಲಿಸಿದ ಮರದ ದಿಮ್ಮಿ, ಮೊಂಡು ಕತ್ತಿ, ಹರಿತವಾದ ರಂಪಿಗೆ, ಉಳಿ, ಆರಿ. ನೆರೆಯ ತೆಲುಗು ಸೀಮೆಯಲ್ಲಿ ಈ ತೊಟ್ಟಿಗೆ 'ಲಂದ' ಎಂದು ಹೆಸರು.

ಮೊದಲು ತೊಗಲನ್ನು ನೆನೆಸಿ ರಕ್ತ, ಮಣ್ಣು ಹೋಗುವಂತೆ ತೊಳೆಯಬೇಕು. ನಂತರ ಸುಣ್ಣದ ನೀರಿನಲ್ಲಿ ವಾರ-ಹತ್ತು ದಿನ ಮುಳುಗಿಸಿಡಬೇಕು. ಸುಣ್ಣ ಕೂದಲಿನ ಬುಡ ಸಡಿಲಿಸುತ್ತದೆ, ಎಳೆಗಳನ್ನು ಉಬ್ಬಿಸಿ ಮುಂದೆ ಒಗರು ಒಳಹೋಗಲು ದಾರಿ ಮಾಡುತ್ತದೆ. ಕೂದಲು ಬಿಡಿಸಲು ಎಕ್ಕದ ಹಾಲನ್ನು ಬಳಸುವುದೂ ಇತ್ತು. ಆಮೇಲೆ ದಿಮ್ಮಿಯ ಮೇಲೆ ಹಾಸಿ ಒಂದು ಮಗ್ಗುಲಿನ ಕೂದಲನ್ನೂ ಇನ್ನೊಂದು ಮಗ್ಗುಲಿನ ಮಾಂಸದ ಎಳೆಗಳನ್ನೂ ಕೆರೆದು ತೆಗೆಯುತ್ತಾರೆ. ಕತ್ತಿ ಒಂದಿಷ್ಟು ಆಳಕ್ಕೆ ಇಳಿದರೂ ತೊಗಲು ಕೆಟ್ಟಂತೆಯೇ. ಬಳಿಕ ಸುಣ್ಣವೆಲ್ಲ ಬಿಡುವವರೆಗೆ ನೀರಿನಲ್ಲಿ ತುಳಿಯಬೇಕು. ಸುಣ್ಣ ಉಳಿದರೆ ತೊಗಲು ಬಿರಿಯುತ್ತದೆ.

ಮುಂದಿನದು ತೊಗಟೆಯ ಸರದಿ. ಇಲ್ಲಿ ಈ ಸೀಮೆಯ ನೆಲವೇ ಅಂಗಡಿ. ಮಾನ್ವಿ, ದೇವದುರ್ಗದ ಎರೆಭೂಮಿಯ ಬದುಗಳಲ್ಲಿ ಕರಿಜಾಲಿ ಇದೆ. ಗರಸು ನೆಲದಲ್ಲಿ, ರಸ್ತೆಯ ಮಗ್ಗುಲಲ್ಲಿ ಹಳದಿ ಹೂವಿನ ತಂಗಡಿ ಗಿಡ ತಾನಾಗಿಯೇ ಬೆಳೆಯುತ್ತದೆ. ತೆಲಂಗಾಣದ ಹೆಂಗಸರು ಬತುಕಮ್ಮ ಹಬ್ಬದಲ್ಲಿ ಪೇರಿಸುವ ಹೂವು ಇದೇ. ನಾವು ಹೂವನ್ನು ನೋಡಿದೆವು, ಹದಗಾರ ನೋಡಿದ್ದು ತೊಗಟೆಯನ್ನು. ದಕ್ಷಿಣ ಭಾರತದಲ್ಲಿ ತೊಗಲಿಗೆ ತಂಗಡಿಗಿಂತ ಒಳ್ಳೆಯ ತೊಗಟೆ ಇಲ್ಲವೆಂದೇ ಬಹುಕಾಲ ಲೆಕ್ಕ. ಇದರ ಜೊತೆಗೆ ಸಂತೆಯಿಂದ ತಂದ ಅಳಲೆಕಾಯಿ.

ತೊಗಟೆಯನ್ನು ಕುಟ್ಟಿ ನೀರಿಗೆ ಹಾಕಿದರೆ ಕೆಂಪು ಕಷಾಯವಾಗುತ್ತದೆ. ಇಲ್ಲಿಯೇ ಕಸಬಿನ ಗುಟ್ಟು. ಮೊದಲ ದಿನವೇ ಗಟ್ಟಿ ಕಷಾಯಕ್ಕೆ ಹಾಕಿದರೆ ತೊಗಲಿನ ಮೇಲ್ಮೈ ಬಿಗಿದುಕೊಂಡು ಒಳಭಾಗ ಹಸಿಯಾಗಿಯೇ ಉಳಿಯುತ್ತದೆ. ಆದ್ದರಿಂದ ಹಳೆಯ, ಸಾರ ಇಳಿದ ಕಷಾಯದಿಂದ ಆರಂಭಿಸಿ ದಿನದಿಂದ ದಿನಕ್ಕೆ ಗಟ್ಟಿ ಕಷಾಯಕ್ಕೆ ಹೋಗಬೇಕು. ಮತ್ತೊಂದು ಉಪಾಯವೂ ಉಂಟು. ತೊಗಲನ್ನೇ ಚೀಲದಂತೆ ಹೊಲಿದು, ಮರದ ಕವಲಿಗೆ ತೂಗುಹಾಕಿ, ಒಳಗೆ ತೊಗಟೆ ತುಂಬಿ ನೀರು ಹೊಯ್ಯುವುದು. ಕಷಾಯ ತೊಗಲಿನ ಮೂಲಕವೇ ಜಿನುಗಿ ಕೆಳಗಿನ ಪಾತ್ರೆಗೆ ಬೀಳುತ್ತದೆ. ಅದನ್ನೇ ಮತ್ತೆ ಮೇಲಕ್ಕೆ ಹೊಯ್ಯುತ್ತಾರೆ. ಕೆಲವು ದಿನಗಳ ಮೇಲೆ ಚೀಲವನ್ನು ತಲೆಕೆಳಗು ಮಾಡಿ ಇನ್ನೊಂದು ತುದಿಯಿಂದ ಅದೇ ಕೆಲಸ.

ಕೊನೆಯಲ್ಲಿ ಅಳಲೆಕಾಯಿಯ ನೀರು. ತಂಗಡಿಯಲ್ಲಿ ಮಾತ್ರ ಹದವಾದ ತೊಗಲು ಬೆಳಕಿಗೆ ಬರುತ್ತ ಕೆಂಪೇರುತ್ತದೆ. ಅಳಲೆ ಅದನ್ನು ತಡೆಯುತ್ತದೆ. ಹದ ಬಂದಿತೇ ಎಂದು ನೋಡಲು ಅಂಚಿನಲ್ಲಿ ಒಂದು ಚೂರು ಕತ್ತರಿಸುತ್ತಾರೆ. ನಡುವೆ ಬಿಳಿಯ ಗೆರೆ ಕಂಡರೆ ಇನ್ನೂ ಆಗಿಲ್ಲ, ಆರ್‌ಪಾರ್ ಒಂದೇ ಬಣ್ಣವಿದ್ದರೆ ಆಯಿತು. ಮುಂದೆ ಎಣ್ಣೆ ತಿಕ್ಕಿ, ನೆರಳಿನಲ್ಲಿ ಒಣಗಿಸಿ, ಎಳೆದು ಮೆದು ಮಾಡಿದರೆ ಕೆಲಸ ಮುಗಿಯಿತು. ಒಂದು ದನದ ತೊಗಲಿಗೆ ತಿಂಗಳ ದುಡಿಮೆ. ತೊಗಟೆ ತರುವುದು, ಕುಟ್ಟುವುದು, ಕೊಡಗಟ್ಟಲೆ ನೀರು ಹೊರುವುದರಲ್ಲಿ ಹೆಂಗಸರು, ಮಕ್ಕಳ ಪಾಲು ದೊಡ್ಡದು.

ಎಲ್ಲ ತೊಗಲೂ ಹೀಗೆ ಹದವಾಗಬೇಕಿಲ್ಲ ಎಂಬುದೂ ಕುತೂಹಲದ ಸಂಗತಿ. ಹಲಗೆ, ಡೊಳ್ಳುಗಳಿಗೆ ಕಟ್ಟುವ ತೊಗಲನ್ನು ಕೂದಲು ತೆಗೆದು, ಬಿಗಿದು ಒಣಗಿಸುತ್ತಾರೆ ಅಷ್ಟೇ. ತೊಗಟೆಯ ನೀರು ಕುಡಿದ ತೊಗಲು ಮೆದುವಾಗಿ ದನಿ ಕಳೆದುಕೊಳ್ಳುತ್ತದೆ. ತೊಗಲುಗೊಂಬೆಯಾಟದ ಗೊಂಬೆಗಳದೂ ಇದೇ ರೀತಿ. ದೀಪದ ಬೆಳಕು ಹಾಯಬೇಕಾದರೆ ತೊಗಲು ಪಾರದರ್ಶಕವಾಗಿ ಉಳಿಯಬೇಕು. ಹಿಂದೆ ರಾಯಚೂರು ಜಿಲ್ಲೆಗೇ ಸೇರಿದ್ದ ಕೊಪ್ಪಳದ ಮೋರನಾಳದ ಗೊಂಬೆಯಾಟದ ಹಿರಿಯ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಾಗ ಆ ಗೌರವದಲ್ಲಿ ಈ ತೊಗಲ ವಿದ್ಯೆಗೂ ಒಂದು ಪಾಲಿತ್ತು.

ಊರಿಗೆ ಬೇಕು, ಊರೊಳಗೆ ಬೇಡ

ಕರಾವಳಿಯಲ್ಲಿ ತೆಂಗಿನ ನಾರು ಮಾಡಿದ ಎಷ್ಟೋ ಕೆಲಸಗಳನ್ನು ಬಯಲುಸೀಮೆಯಲ್ಲಿ ತೊಗಲು ಮಾಡಿತು. ನೇಗಿಲು ನೊಗಗಳನ್ನು ಬಿಗಿಯುವ ಮಿಣಿ, ಬಾರುಕೋಲು, ಎತ್ತಿನ ಕೊರಳಪಟ್ಟಿ, ಮುಳ್ಳು ತುಂಬಿದ ಹೊಲದಲ್ಲಿ ನಡೆಯಲು ಕೆರ, ಕಮ್ಮಾರನ ತಿದಿ, ಜಾತ್ರೆಯ ಹಲಗೆ ಎಲ್ಲವೂ ತೊಗಲೇ. ಎಲ್ಲಕ್ಕಿಂತ ದೊಡ್ಡದು ಕಪಿಲೆ.

ಇಂದಿನ ಹುಡುಗರು ಕಪಿಲೆಯನ್ನು ನೋಡಿರಲಾರರು. ಬಾವಿಯ ದಡದಲ್ಲಿ ಗಾಲಿ, ಅದರ ಮೇಲೆ ಹಗ್ಗ, ಹಗ್ಗದ ಒಂದು ತುದಿಗೆ ನೂರು-ನೂರೈವತ್ತು ಲೀಟರ್ ಹಿಡಿಯುವ ತೊಗಲಿನ ಚೀಲ, ಇನ್ನೊಂದು ತುದಿಗೆ ಎತ್ತಿನ ಜೋಡಿ. ಎತ್ತುಗಳು ಇಳಿಜಾರಿನಲ್ಲಿ ಇಳಿದಂತೆ ಚೀಲ ಮೇಲೇರುತ್ತದೆ. ಚೀಲದ ಕೆಳಗಿನ ಬಾಲದಂಥ ಕೊಳವೆಯಿಂದ ನೀರು ಕಾಲುವೆಗೆ ಬೀಳುತ್ತದೆ. ವಿದ್ಯುತ್ ಪಂಪು ಬರುವ ಮೊದಲು ಬಾವಿಯಿಂದ ತೋಟಕ್ಕೆ ನೀರು ಹತ್ತಿದ್ದು ಬಹುಪಾಲು ಹೀಗೆಯೇ. ದಿನವಿಡೀ ನೀರಿನಲ್ಲಿ ಮುಳುಗೇಳುವ ಆ ಚೀಲಕ್ಕೆ ತೊಗಟೆಯಲ್ಲಿ ಚೆನ್ನಾಗಿ ಹದವಾದ ತೊಗಲೇ ಬೇಕು.

ಈ ತೊಗಲನ್ನೆಲ್ಲ ಒದಗಿಸಿದವರು ಇಲ್ಲಿ ಮುಖ್ಯವಾಗಿ ಮಾದಿಗರು. ಮೆಟ್ಟು ಹೊಲಿಯುವುದರಲ್ಲಿ ಸಮಗಾರರು ಹೆಸರಾದವರು. ಮುಂಬಯಿ ಕರ್ನಾಟಕದ ಕಡೆ ಹದ ಮಾಡುವುದೇ ಢೋರರ ಕುಲಕಸಬಾಗಿತ್ತು. ಊರಿನಲ್ಲಿ ದನ ಸತ್ತರೆ ಅದನ್ನು ಸಾಗಿಸುವ ಹೊಣೆ ಮಾದಿಗರದು, ತೊಗಲೂ ಅವರದೇ. ಅದಕ್ಕೆ ಪ್ರತಿಯಾಗಿ ರೈತನಿಗೆ ವರ್ಷಕ್ಕೆ ಇಷ್ಟು ಮಿಣಿ, ಇಷ್ಟು ಜೊತೆ ಕೆರ ಕೊಡಬೇಕು. ಸುಗ್ಗಿಯಲ್ಲಿ ಕಣದಿಂದ ಒಂದಿಷ್ಟು ಕಾಳು 'ಆಯ'ವೆಂದು ಬರುತ್ತಿತ್ತು. ಇದನ್ನು ಪರಸ್ಪರ ಸಹಕಾರವೆಂದು ಹೊಗಳುವವರಿದ್ದಾರೆ. ಆದರೆ ಕೊಡುವ ಕಾಳೆಷ್ಟು ಎಂದು ನಿರ್ಧರಿಸುತ್ತಿದ್ದವನು ಕಣದ ಒಡೆಯ. ನಿಜಾಮರ ಆಳ್ವಿಕೆಯ ಹಳ್ಳಿಗಳಲ್ಲಿ ಅಧಿಕಾರಿಗಳಿಗೂ ಜಮೀನುದಾರರಿಗೂ ತೊಗಲ ಸಾಮಾನನ್ನು ಬಿಟ್ಟಿಯಾಗಿ ಕೊಡಬೇಕಾದ ಪಾಡೂ ಇತ್ತು.

ತೊಗಲಿನ ಕೆಲಸಕ್ಕೆ ನೀರು ಬೇಕು, ಅದೂ ಧಾರಾಳವಾಗಿ. ಊರಿನ ಬಾವಿಯನ್ನು ಮುಟ್ಟುವ ಹಕ್ಕು ಈ ಕೆಲಸಗಾರರಿಗಿರಲಿಲ್ಲ. ಅವರು ಹೊಲಿದ ಚೀಲ ಬಾವಿಯ ತಳ ಮುಟ್ಟುತ್ತಿತ್ತು, ಆ ನೀರಿನಲ್ಲಿ ಬೆಳೆದುದನ್ನು ಎಲ್ಲರೂ ಉಣ್ಣುತ್ತಿದ್ದರು, ಚೀಲ ಹೊಲಿದವರ ಕೈ ಮಾತ್ರ ಬಾವಿಯ ಕಟ್ಟೆಯಿಂದ ದೂರ. ಹದಗಾರರನ್ನು ಊರ ಹೊರಗಿಡುವುದು ಭಾರತಕ್ಕಷ್ಟೇ ಸೀಮಿತವಾದುದಲ್ಲ. ಯೂರೋಪಿನ ಹಳೆಯ ಪಟ್ಟಣಗಳಲ್ಲೂ ವಾಸನೆಯ ಕಾರಣಕ್ಕೆ ಅವರಿಗೆ ಹೊಳೆಯ ಕೆಳಗಡೆಯೇ ಜಾಗ. ಆದರೆ ಅಲ್ಲಿ ಕಸಬು ಬಿಟ್ಟವನಿಗೆ ವಾಸನೆಯೂ ಬಿಡುತ್ತಿತ್ತು. ಇಲ್ಲಿ ಕಸಬನ್ನೇ ಮಾಡದ ಮೊಮ್ಮಗನಿಗೂ ಅದು ಅಂಟಿಕೊಂಡಿತು. ಜಪಾನಿನ ಬುರಾಕುಮಿನ್ ಜನರ ಕಥೆ ಮಾತ್ರ ನಮ್ಮದಕ್ಕೆ ತೀರ ಹತ್ತಿರದ್ದು.

ಈ ಅನ್ಯಾಯವನ್ನು ಪ್ರಶ್ನಿಸಿದ ಮೊದಲ ದೊಡ್ಡ ದನಿ ಹನ್ನೆರಡನೆಯ ಶತಮಾನದ ಶರಣರದು. ಮಾದಾರ ಚೆನ್ನಯ್ಯ, ಮಾದಾರ ಧೂಳಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಇವರ ಹೆಸರುಗಳೊಡನೆ ಕಸಬೂ ಅಂಟಿಕೊಂಡೇ ಇದೆ, ಆದರೆ ತಲೆತಗ್ಗಿಸುವಂತೆ ಅಲ್ಲ. ಚೆನ್ನಯ್ಯನ ವಚನಗಳ ಅಂಕಿತದಲ್ಲಿಯೇ ಕೈಯುಳಿ, ಕತ್ತಿ, ಅಡಿಗೂಂಟಗಳು ಬರುತ್ತವೆ. ತನ್ನ ಹತಾರಗಳನ್ನು ದೇವರ ಹೆಸರಿನ ಪಕ್ಕದಲ್ಲಿ ಕೂರಿಸಿದ ಕಸುಬುದಾರ ಅವನು. ಬಸವಣ್ಣನವರು ಚೆನ್ನಯ್ಯ, ಕಕ್ಕಯ್ಯರನ್ನು ತಮ್ಮ ಹಿರಿಯರೆಂದೇ ಕರೆದುಕೊಂಡರು. ಆದರೂ ಕಲ್ಯಾಣದ ಕ್ರಾಂತಿ ಮುಗಿದ ಮೇಲೆ ಕೇರಿ ಇದ್ದಲ್ಲಿಯೇ ಉಳಿಯಿತು.

ರೈಲು, ಕ್ರೋಮ್, ಕಾಲುವೆ

ಹಿತ್ತಿಲಿನ ಬಾನಿಗೆ ಮೊದಲ ಪೆಟ್ಟು ಬಿದ್ದದ್ದು ರೈಲಿನಿಂದ. 1871ರಲ್ಲಿ ಮುಂಬಯಿಯ ಹಳಿ ಮತ್ತು ಮದರಾಸಿನ ಹಳಿ ಕೂಡಿದ್ದು ರಾಯಚೂರಿನಲ್ಲಿಯೇ. ರೈಲು ಬಂದ ಮೇಲೆ ದಖ್ಖನ್ನಿನ ಒಳನಾಡಿನ ಹಸಿ ತೊಗಲೂ ಸಂತೆಯ ಸರಕಾಯಿತು. ಮದರಾಸಿನ ಕಡೆಯ ಕಾರ್ಖಾನೆಗಳು ತಂಗಡಿ-ಅಳಲೆಗಳ ನಮ್ಮ ವಿದ್ಯೆಯನ್ನೇ ದೊಡ್ಡ ಪ್ರಮಾಣಕ್ಕೆ ಏರಿಸಿ, ಹದವಾದ ತೊಗಲನ್ನು ಲಂಡನ್ನಿಗೆ ಕಳಿಸಿದವು. 1914-18ರ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಬೂಟುಗಳಿಗೆ ಈ ತೊಗಲು ಹೋಯಿತು. ಕೇರಿಯ ಹಿತ್ತಿಲಿನಲ್ಲಿ ಹುಟ್ಟಿದ ಜ್ಞಾನ ಲೋಕದ ಮಾರುಕಟ್ಟೆಗೆ ಹೋದಾಗ ಲಾಭ ಕಾರ್ಖಾನೆಯ, ವರ್ತಕನ ಕೈಸೇರಿತು. ಹಳ್ಳಿಯ ಹದಗಾರ ಬರಿಯ ಹಸಿ ತೊಗಲು ಮಾರುವವನಾದ, ಇಲ್ಲವೇ ಪಟ್ಟಣದ ಕೂಲಿಯಾದ.

ಎರಡನೆಯ ಪೆಟ್ಟು ರಸಾಯನದ್ದು. 1884ರಲ್ಲಿ ಅಮೆರಿಕದ ಆಗಸ್ಟಸ್ ಶುಲ್ಟ್ಸ್ ಕ್ರೋಮಿಯಂ ಲವಣಗಳಿಂದ ತೊಗಲು ಹದ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ತಿಂಗಳ ಕೆಲಸ ದಿನಗಳಲ್ಲಿ ಮುಗಿಯತೊಡಗಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಲ್ಫ್ರೆಡ್ ಚಾಟರ್ಟನ್ ಈ ವಿಧಾನವನ್ನು ಮದರಾಸಿಗೆ ತಂದ. ಜಗತ್ತಿನ ಹೆಚ್ಚಿನ ತೊಗಲು ಇಂದು ಹದವಾಗುವುದು ಕ್ರೋಮ್‌ನಲ್ಲಿಯೇ.

ಆದರೆ ರಾಯಚೂರು ಸೀಮೆಯಲ್ಲಿ ನಿರ್ಣಾಯಕವಾದ ಪೆಟ್ಟು ನೀರಿನಿಂದಲೇ ಬಂತೆನ್ನಬೇಕು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆ ಮಾನ್ವಿ, ರಾಯಚೂರಿನತ್ತ ಹರಿಯಿತು. ಮುಂದೆ ನಾರಾಯಣಪುರದ ಬಲದಂಡೆ ಕಾಲುವೆ ದೇವದುರ್ಗಕ್ಕೆ ಬಂತು. ಕಾಲುವೆ ಮುಟ್ಟದ ಕಡೆ ಡೀಸೆಲ್, ವಿದ್ಯುತ್ ಪಂಪುಗಳು ಬಂದವು. ಕಪಿಲೆ ಮೂಲೆ ಸೇರಿತು. ಮಿಣಿಯ ಜಾಗಕ್ಕೆ ನೈಲಾನ್ ಹಗ್ಗ, ಕೆರದ ಜಾಗಕ್ಕೆ ರಬ್ಬರ್ ಚಪ್ಪಲಿ, ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್. ಒಂದೇ ತಲೆಮಾರಿನಲ್ಲಿ ಊರಿಗೆ ತೊಗಲಿನ ಅಗತ್ಯವೇ ಇಲ್ಲದಂತಾಯಿತು.

ಬಿಟ್ಟದ್ದು ಸರಿಯೇ?

ಕಸಬು ಸತ್ತಿತೆಂದು ಮರುಗುವ ಮುನ್ನ ಅದನ್ನು ಮಾಡಿದವರೇ ಏನೆಂದರು ಎಂಬುದನ್ನು ಕೇಳಬೇಡವೇ?

ಈ ವಿಚಾರದಲ್ಲಿ ಇಪ್ಪತ್ತನೆಯ ಶತಮಾನದ ಇಬ್ಬರು ನಾಯಕರ ದಾರಿ ಬೇರೆಬೇರೆ. ಗಾಂಧೀಜಿಯವರಿಗೆ ಹಳ್ಳಿಯ ಹದಗಾರಿಕೆ ಉಳಿಯಬೇಕಾದ ಗ್ರಾಮೋದ್ಯೋಗ. ಸತ್ತ ದನದ ತೊಗಲು, ಎಲುಬು ಯಾವುದೂ ಹಾಳಾಗಬಾರದು, ಕೆಲಸವನ್ನು ಶುದ್ಧವಾಗಿ, ಶಾಸ್ತ್ರೀಯವಾಗಿ ಮಾಡಿದರೆ ಕಳಂಕವೂ ತೊಲಗುತ್ತದೆ ಎಂಬುದು ಅವರ ನಂಬಿಕೆ. 1930ರ ದಶಕದಲ್ಲಿ ವಾರ್ಧಾದ ಬಳಿಯ ನಾಲವಾಡಿಯಲ್ಲಿ ಈ ಉದ್ದೇಶಕ್ಕೆಂದೇ ಹದಗಾರಿಕೆಯ ಕೇಂದ್ರ ನಡೆಯಿತು. ಅಂಬೇಡ್ಕರ್ ಅವರ ಉತ್ತರ ನೇರವಾದುದು. ಕಳಂಕ ಇರುವುದು ಕೆಲಸದ ಕೊಳೆಯಲ್ಲಿ ಅಲ್ಲ, ಅದನ್ನು ಹುಟ್ಟಿನಿಂದ ಕಟ್ಟಿಹಾಕಿದ್ದರಲ್ಲಿ. 1927ರ ಮಹಾಡ್ ಸಮಾವೇಶದ ಕಾಲದಿಂದಲೂ ಸತ್ತ ದನ ಹೊರುವುದನ್ನು ಬಿಡಿರೆಂದು ಅವರು ತಮ್ಮ ಜನರಿಗೆ ಹೇಳಿದರು. ಕರ್ನಾಟಕದಲ್ಲಿ 1970ರ ದಶಕದಿಂದ ಬಿ. ಕೃಷ್ಣಪ್ಪನವರಂಥವರು ಕಟ್ಟಿದ ದಲಿತ ಸಂಘರ್ಷ ಸಮಿತಿ ಇದೇ ಸ್ವಾಭಿಮಾನದ ಮಾತನ್ನು ಹಳ್ಳಿಹಳ್ಳಿಗೆ ಒಯ್ದಿತು.

ನಮ್ಮ ಸೀಮೆಯ ಹದಗಾರರ ಮಕ್ಕಳು ಎರಡನೆಯ ದಾರಿ ಹಿಡಿದರು. ಬಾನಿ ಒಡೆದು ಪಾಟಿ ಹಿಡಿದರು, ಹೊಲದ ಕೂಲಿಗೆ, ಪಟ್ಟಣದ ಕಟ್ಟಡ ಕೆಲಸಕ್ಕೆ, ಶಾಲೆ-ಕಚೇರಿಗಳಿಗೆ ಹೋದರು. ಅವರನ್ನು ಮತ್ತೆ ಬಾನಿಯ ಬಳಿಗೆ ಕರೆಯುವ ಹಕ್ಕು ಯಾರಿಗೂ ಇಲ್ಲ. ಆದರೆ ಈ ಕಥೆಗೆ ಇನ್ನೊಂದು ಮಗ್ಗುಲಿದೆ. ಕ್ರೋಮ್ ಕಾರ್ಖಾನೆಗಳ ತ್ಯಾಜ್ಯದಿಂದ ಹೊಳೆ, ಬಾವಿಗಳು ಕೆಟ್ಟ ಮೇಲೆ ತೊಗಟೆಯ ಹದಕ್ಕೆ ಈಗ ಮತ್ತೆ ಬೆಲೆ ಬಂದಿದೆ. ಚೆನ್ನೈನಲ್ಲಿ 1948ರಿಂದ ಇರುವ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಸಸ್ಯಮೂಲದ ಹದಗಾರಿಕೆಯನ್ನೂ ಅಭ್ಯಾಸ ಮಾಡಿದೆ. ತೊಗಟೆಯಲ್ಲಿ ಹದವಾದ ತೊಗಲಿನ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅದರಲ್ಲಿ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಸೇರಿವೆ. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಅದನ್ನೇ ಹೋಲುವ ಚಪ್ಪಲಿಯನ್ನು ಮಿಲಾನ್‌ನ ಪ್ರದರ್ಶನದಲ್ಲಿಟ್ಟು, ಮೂಲದವರ ಹೆಸರು ಹೇಳಲಿಲ್ಲವೆಂದು ಟೀಕೆಗೆ ಗುರಿಯಾಯಿತು. ಆಮೇಲೆ ಪ್ರೇರಣೆ ಎಲ್ಲಿಯದೆಂದು ಒಪ್ಪಿಕೊಂಡಿತು.

ದೂರದ ಕಂಪನಿ ಹೆಸರು ಹೇಳಲಿಲ್ಲವೆಂದು ನಮಗೆ ಸಿಟ್ಟು ಬಂತು, ಅದು ನ್ಯಾಯವೇ. ಆದರೆ ನಾವಾದರೂ ಹೇಳಿದ್ದೇವೆಯೇ? ರಾಯಚೂರು ಕದನದ ನೀರಿನ ಚೀಲದಿಂದ ಮಾನ್ವಿಯ ತೋಟದ ಕಪಿಲೆಯವರೆಗೆ ಈ ನಾಡಿಗೆ ನೀರುಣಿಸಿದ ವಿದ್ಯೆ ನಮ್ಮ ಪಾಠಪುಸ್ತಕಗಳಲ್ಲಿ ಎಷ್ಟು ಸಾಲು ಪಡೆದಿದೆ? ನೇಗಿಲು, ಮಗ್ಗ, ತಿಗರಿಗಳಿಗೆ ವಸ್ತುಸಂಗ್ರಹಾಲಯಗಳಲ್ಲಿ ಸಿಗುವ ಮೂಲೆ ತೊಗಲ ಬಾನಿಗೆ ಸಿಕ್ಕೀತೇ?

ಈ ಕೆಲಸವನ್ನು ಬಲ್ಲ ಹಿರಿಯರು ಹಳ್ಳಿಗಳಲ್ಲಿ ಇನ್ನೂ ಅಲ್ಲಲ್ಲಿ ಉಳಿದಿರಬಹುದು. ಅವರು ಮತ್ತೆ ತೊಗಲು ತುಳಿಯಬೇಕಾಗಿಲ್ಲ. ಯಾವ ತೊಗಟೆ, ಎಷ್ಟು ದಿನ, ಯಾವ ವಾಸನೆಗೆ ಸುಣ್ಣ ಸಾಕು ಎಂಬುದನ್ನು ಕೇಳಿ, ಅವರ ಹೆಸರಿನಲ್ಲಿಯೇ ಬರೆದಿಟ್ಟುಕೊಂಡರೆ ಸಾಕು. ಕಸಬು ಬಿಡುವುದು ಅವರ ಹಕ್ಕಾಗಿತ್ತು. ಅವರ ವಿದ್ಯೆಯನ್ನು ವಿದ್ಯೆಯೆಂದು ಕರೆಯುವುದು ನಮ್ಮ ಮೇಲಿರುವ ಹಳೆಯ ಬಾಕಿ.